ಬೋರ್‌ನೀರಿನ ಫೈಲು

ಹನ್ನೆರಡನೇ ಪಂಚವಾರ್ಷಿಕ ಯೋಜನೆ ಆಗಷ್ಟೇ ಶುರುವಾಗಿತ್ತು. ಯು.ಜಿ.ಸಿ.ಯ ಕಿರು ಸಂಶೋಧನಾ ಯೋಜನೆಯಲ್ಲಿ ವಿಜ್ಞಾನದ ಮೇಷ್ಟ್ರುಗಳಿಗೆ 5 ಲಕ್ಷ, ಕಲಾ ವಿಭಾಗದವರಿಗೆ 3 ಲಕ್ಷದವರೆಗೆ ಸಿಗುತ್ತದೆಂಬ ಸುದ್ದಿ ನಮ್ಮ ಕಡೆಗೂ ಬಂತು. ಕುಷ್ಟಗಿ ಸೀಮೆಯ ಡಿಗ್ರಿ ಕಾಲೇಜೊಂದರ ಆಫೀಸಿನಲ್ಲಿ ನಾನು ಲೆಕ್ಕ ಬರೆಯುತ್ತಿದ್ದ ಕಾಲ ಅದು. ಯು.ಜಿ.ಸಿ. ಕಾಯ್ದೆಯ 2(ಎಫ್), 12(ಬಿ) ಕಲಮುಗಳ ಪಟ್ಟಿ ಎರಡರಲ್ಲೂ ಕಾಲೇಜಿನ ಹೆಸರಿತ್ತು. ಹಾಗಾಗಿ ಅರ್ಜಿ ಹಾಕಲು ಅಡ್ಡಿಯೇನೂ ಇರಲಿಲ್ಲ, ಹಾಕುವವರು ಮಾತ್ರ ಇರಲಿಲ್ಲ.

ಹಾಗಂತ ತರಬೇತಿಗೇನೂ ಬರಗಾಲವಿರಲಿಲ್ಲ. ಅನುದಾನ ಪಡೆಯುವುದು ಹೇಗೆ ಅಂತ ಅಲ್ಲಲ್ಲಿ ಕಾರ್ಯಾಗಾರ ನಡೆಯುತ್ತಿದ್ದವು. ನಮ್ಮ ಮೇಷ್ಟ್ರುಗಳು ಹೋಗಿ ಬ್ಯಾಗು, ಪೆನ್ನು, ಪ್ರಮಾಣಪತ್ರ ತರುತ್ತಿದ್ದರು. ಅವರ ಟಿ.ಎ. ಬಿಲ್ಲು ಪಾಸು ಮಾಡುವವನು ನಾನೇ. ಅರ್ಜಿ ಮಾತ್ರ ಒಂದೂ ಹೊರಡಲಿಲ್ಲ.

ಆಗ ನಮ್ಮ ಪ್ರಿನ್ಸಿಪಾಲರು ಗಂಗಾವತಿಯಿಂದ ತಮ್ಮ ಸೋದರಮಾವನನ್ನು ಕರೆಸಿದರು. ತುಂಗಭದ್ರಾ ಕಾಲುವೆಯ ನೀರು ಉಂಡು ಉಂಡು ಸವಳಾದ ಗದ್ದೆಗಳ ಮಣ್ಣು ಪರೀಕ್ಷಿಸುತ್ತಲೇ ನಿವೃತ್ತರಾದ ವಿಜ್ಞಾನಿ. ಒಂದು ರವಿವಾರ ಬಂದರು. ಭಾಷಣವಿಲ್ಲ, ಹಾರವಿಲ್ಲ. ಸ್ಟಾಫ್ ರೂಮಿನ ಮೇಜಿನ ಮೇಲೆ ಒಗ್ಗರಣಿ-ಮಿರ್ಚಿಯ ಪೊಟ್ಟಣ ಬಿಚ್ಚಿಟ್ಟು, "ಬರದದ್ದು ಕೊಡ್ರಿ ನೋಡೋಣು" ಅಂದರು.

ಕೆಮಿಸ್ಟ್ರಿ ಮೇಷ್ಟ್ರು ಅಳುಕುತ್ತಲೇ ಕೊಟ್ಟರು. 'ಕೊಪ್ಪಳ ಜಿಲ್ಲೆಯ ಅಂತರ್ಜಲದ ಸಮಗ್ರ ಅಧ್ಯಯನ.' ಭೂಮಿಯ ಮೇಲ್ಮೈಯ ಶೇಕಡಾ 71 ಭಾಗ ನೀರಿದೆ ಎಂಬಲ್ಲಿಂದ ಪೀಠಿಕೆ ಶುರು. ಹಿರಿಯರು ಆ ಪುಟದ ಮೇಲೆ ಪೆನ್ಸಿಲಿನಿಂದ ಅಡ್ಡಗೆರೆ ಎಳೆದರು.

"ಸಮಗ್ರ ಅಂದ್ರ ಎಷ್ಟ್ ಬೋರ್ ರೀ ಸರ?"

"ಜಿಲ್ಲಾ ಪೂರ್ತಿ ರೀ."

"ನಿಮ್ಮ ಕಡೆ ಇರೋದು ಒಂದ್ ಬೈಕು. ಸೂಟಿ ಅಂದ್ರ ರವಿವಾರ. ನಮ್ಮ ಗಂಗಾವತಿದು ಕಾಲವಿ ನೀರು, ನಿಮ್ಮದು ಬೋರಿನ ನೀರು. ಎರಡೂ ಯಾಕ ಕೂಡಸ್ತೀರಿ? ಅದು ಹೋಗ್ಲಿ, ನಿಮಗ ಖರೇನ ಗೊತ್ತಾಗಬೇಕಾಗಿರೋದು ಏನು?"

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹೇಳಿದ್ದು ಅರ್ಜಿಯಲ್ಲಿ ಎಲ್ಲಿಯೂ ಇಲ್ಲದ ಮಾತು. ಅವರ ತರಗತಿಯಲ್ಲಿ ಯಲಬುರ್ಗಾ ಕಡೆಯ ಒಂದು ಊರಿನ ಹುಡುಗರ ಮುಂದಿನ ಹಲ್ಲಿನ ಮೇಲೆಲ್ಲ ಕಂದು ಗೆರೆ. ಪಕ್ಕದ ಊರಿನವರ ಹಲ್ಲು ಚೆನ್ನಾಗಿವೆ. ಎರಡೂ ಊರ ಕೆಳಗೆ ಅದೇ ಕಣಶಿಲೆ, ಎರಡೂ ಕಡೆ ಬೋರಿನ ನೀರೇ. ಫ್ಲೋರೈಡು ಒಂದು ಕಡೆ ಮಾತ್ರ ಹೆಚ್ಚು ಯಾಕೆ? ಬೋರಿನ ಆಳ ಕಾರಣವೋ, ಮಳೆಗಾಲ ಮುಗಿದ ಮೇಲೆ ಇಳಿಯುತ್ತದೋ?

"ಇದನ್ನ ಬರೀರಿ! ಇಷ್ಟೊತ್ತು ಎಲ್ಲಿ ಬಚ್ಚಿಟ್ಟಿದ್ರಿ?" ಹಿರಿಯರು ಮಿರ್ಚಿ ಕೆಳಗಿಟ್ಟೇ ಬಿಟ್ಟರು.

ಆಮೇಲೆ ನಡೆದದ್ದನ್ನು ನೋಡಬೇಕಿತ್ತು. ಜಿಲ್ಲೆ ಹೋಗಿ ಒಂದು ಹೋಬಳಿ ಆಯಿತು. ಕುಡಿಯುವ ನೀರಿನ ಬೋರು ಮಾತ್ರ, ಅದೇ ಬೋರಿನ ನೀರು ಮಳೆಗೆ ಮುಂಚೆ ಒಮ್ಮೆ, ಮಳೆ ಮುಗಿದ ಮೇಲೆ ಒಮ್ಮೆ. ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯ ಆಚೆ ಯಾವುದು, ಈಚೆ ಯಾವುದು ಅಂತ ನಕ್ಷೆ. ಮಾದರಿ ತುಂಬಲು ಗಾಜಿನ ಬಾಟಲಿ ಅಂತ ಬರೆದಿತ್ತು. "ಫ್ಲೋರೈಡು ಗಾಜನ್ನ ಸುಮ್ಮನ ಬಿಡಂಗಿಲ್ಲ. ಅರ್ಜಿ ನೋಡಾವರು ಈ ಸಾಲಿನಾಗ ನಿಮ್ಮನ್ನ ಹಿಡೀತಾರ" ಅಂತ ಪ್ಲಾಸ್ಟಿಕ್ ಅಂತ ತಿದ್ದಿಸಿದರು. ಕುದಿಸಿದರೆ ಫ್ಲೋರೈಡು ಹೋಗುವುದಿಲ್ಲ, ನೀರು ಬತ್ತಿದಷ್ಟೂ ಗಟ್ಟಿಯಾಗುತ್ತದೆ ಎಂಬುದನ್ನು ಊರವರಿಗೆ ಹೇಳುವ ಸಭೆಯೂ ಯೋಜನೆಯೊಳಗೆ ಬಂತು.

ಖರ್ಚಿನ ಪುಟಕ್ಕೆ ಬಂದಾಗ ನನ್ನನ್ನು ಹತ್ತಿರ ಕೂರಿಸಿಕೊಂಡರು. ಇದುವರೆಗೆ ಯಾರೂ ಲೆಕ್ಕದವನನ್ನು ಹಾಗೆ ಕರೆದಿರಲಿಲ್ಲ. ಲ್ಯಾಪ್‌ಟಾಪು, ಕ್ಯಾಮೆರಾ, ಪ್ರಿಂಟರು ಅಂತ ಮೇಷ್ಟ್ರು ಬರೆದಿದ್ದ ಸಾಲುಗಳ ಮೇಲೆ ಬೆರಳಿಟ್ಟು, "ಇವು ಫ್ಲೋರೈಡ್ ಅಳೀತಾವೇನು?" ಅಂದರು. ಹೋದವು. ಫ್ಲೋರೈಡ್ ಎಲೆಕ್ಟ್ರೋಡಿನ ಮೀಟರು ಉಳಿಯಿತು. ಮೊದಲ ಕಂತಿನ ಲೆಕ್ಕ, ಸಿ.ಎ. ಸಹಿಯ ಯುಟಿಲೈಜೇಶನ್ ಸರ್ಟಿಫಿಕೇಟು ಹೋಗದೆ ಉಳಿದ ದುಡ್ಡು ಬರುತ್ತಿರಲಿಲ್ಲ. ಹಾಗಾಗಿ ಮೂರು ಕೊಟೇಶನ್ನು, ಸ್ಟಾಕ್ ರಿಜಿಸ್ಟರು, ಪೆಟ್ರೋಲಿನ ಪ್ರತಿ ಚೀಟಿ ಬೇಕು ಅಂತ ನಾನು ಹೇಳಿದೆ. "ಕೇಳ್ರಿ ಇವರ ಮಾತು" ಅಂದರು ಹಿರಿಯರು. ನನ್ನ ನೌಕರಿಯಲ್ಲಿ ಸಿಕ್ಕ ಪದಕ ಅದೊಂದೇ.

ಇತಿಹಾಸದ ಮೇಷ್ಟ್ರ ಅರ್ಜಿ ಹಿರೇಬೆಣಕಲ್ಲಿನ ಬಗ್ಗೆ. ಗಂಗಾವತಿ ಹತ್ತಿರದ ಆ ಗುಡ್ಡದ ಮೇಲಿನ ಬೃಹತ್ ಶಿಲಾ ಸಮಾಧಿಗಳನ್ನು 1835ರಷ್ಟು ಹಿಂದೆಯೇ ಇಂಗ್ಲಿಷ್ ಅಧಿಕಾರಿ ಮೆಡೋಸ್ ಟೇಲರ್ ಕಂಡಿದ್ದ. ಮೇಷ್ಟ್ರಿಗೆ ಅಗೆಯುವ ಆಸೆ. ಕೇಂದ್ರ ಪುರಾತತ್ವ ಇಲಾಖೆಯ ಒಪ್ಪಿಗೆಯಿಲ್ಲದೆ ಅಲ್ಲಿ ಗುದ್ದಲಿ ಎತ್ತುವಂತಿಲ್ಲ ಎಂದ ಮೇಲೆ, ಮೋರ್ಯರ ಗುಡ್ಡವೆಂದು ಅದನ್ನು ಕರೆಯುವ ಸುತ್ತಲ ಊರಿನವರು, ಕುರಿ ಕಾಯುವವರು ಹೇಳುವ ಕಥೆ ಸಂಗ್ರಹಿಸುವುದೆಂದು ಬದಲಾಯಿತು. ಆ ಸಲ ಅದಕ್ಕೆ ಹಣ ಬರಲಿಲ್ಲ. ನನಗೇನೋ ಎರಡರಲ್ಲಿ ಅದೇ ಚೆನ್ನಾಗಿತ್ತು ಅನ್ನಿಸುತ್ತದೆ.

ಇನ್ನೊಂದು ಮಾತು ಹೇಳಲೇಬೇಕು. ಅವತ್ತು ಹಿರಿಯರು ಹೇಳಿದ್ದನ್ನೆಲ್ಲ ಇಂಗ್ಲಿಷಿನಲ್ಲಿ ಟೈಪು ಮಾಡಿ, ಹಳೆಯ ಸಂಶೋಧನಾ ಲೇಖನ ಹುಡುಕಿ ಸೇರಿಸಿದ್ದು ಒಬ್ಬ ಅತಿಥಿ ಉಪನ್ಯಾಸಕಿ. ಯೋಜನೆ ಕಾಯಂ ಮೇಷ್ಟ್ರುಗಳಿಗೆ ಮಾತ್ರ, ಆಕೆಯ ಹೆಸರು ಹಾಕಲು ಜಾಗವೇ ಇರಲಿಲ್ಲ. ನಮ್ಮ ಕಡೆ ಕಾಲೇಜುಗಳು ನಡೆಯುವುದೇ ಅತಿಥಿಗಳಿಂದ. ಅನುದಾನಕ್ಕೆ ಅರ್ಜಿ ಯಾಕೆ ಕಡಿಮೆ ಎಂದು ಕೇಳುವವರು ಅದನ್ನೂ ಕೇಳಬೇಕು.

ಕುಷ್ಟಗಿಗೆ ಆಗ ರೈಲಿರಲಿಲ್ಲ, ಅದು ಬಂದದ್ದು 2025ರಲ್ಲಿ. ಫೈಲು ಹಿಡಿದು ರಾತ್ರಿ ಬಸ್ಸು ಹತ್ತಿ ಬೆಂಗಳೂರಿನ ಪ್ರಾದೇಶಿಕ ಕಚೇರಿಗೆ ಮುಟ್ಟಿಸಿದವನು ನಾನೇ. ತಿಂಗಳುಗಳ ಮೇಲೆ ಮಂಜೂರಾತಿ ಬಂತು, ಕೇಳಿದ್ದಕ್ಕಿಂತ ಕಡಿಮೆ. ಮೀಟರಿಗೆ ಸಾಕಾಯಿತು.

ಈಗ ಆ ಕಿರು ಯೋಜನೆ ಇಲ್ಲ. ವಿಜ್ಞಾನಕ್ಕೆ ಹಣ ಕೊಡುತ್ತಿದ್ದ ಸರ್ಬ್‌ನ ಜಾಗಕ್ಕೆ 2023ರ ಕಾಯ್ದೆಯಿಂದ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದಿದೆ. ಅದೇ ವರ್ಷ ತಳಕಲ್ಲಿನಲ್ಲಿ ಕೊಪ್ಪಳಕ್ಕೆ ಅದರದೇ ವಿಶ್ವವಿದ್ಯಾಲಯವೂ ಶುರುವಾಯಿತು. ಅರ್ಜಿಯೆಲ್ಲ ಆನ್‌ಲೈನು.

ಮೊನ್ನೆ ಕಾಲೇಜಿನಿಂದ ಹೊಸ ಕೆಮಿಸ್ಟ್ರಿ ಮೇಡಂ ಫೋನು ಮಾಡಿದ್ದರು. ಮೀಟರು ಚೆನ್ನಾಗಿದೆಯಂತೆ, ಎಲೆಕ್ಟ್ರೋಡು ಕೆಟ್ಟಿದೆ, ಹೊಸದಕ್ಕೆ ಕಾಲೇಜಿನಲ್ಲಿ ದುಡ್ಡಿಲ್ಲ. "ಅಂಕಲ್, ಇದಕ್ಕ ಯಾರ ಕಡೆ ಕೇಳಬೇಕ್ರಿ?" ಅಂದರು. ನಾನು ಕೇಳಿದೆ: "ಯಾವ ಬೋರಿನ ನೀರು ಅಳೀಬೇಕಂತ ಮಾಡೀರಿ?"