ಹಸುರು ಬೆಟ್ಟದ ನಾಡಿನ ಮೂರು ಅಂಕೆಗಳು

ಉಪಾಧ್ಯಾಯ ವೃತ್ತಿಯಿಂದ ನಿವೃತ್ತನಾದ ಮೇಲೆ, 2022ನೆಯ ಇಸವಿಯ ಬೇಸಗೆಯಲ್ಲಿ, ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲೊಂದಾದ ವರ್ಮಾಂಟಿನಲ್ಲಿ ನೆಲಸಿರುವ ಮಗಳ ಮನೆಯಲ್ಲಿ ಮೂರು ತಿಂಗಳು ಇದ್ದು ಬರುವ ಅವಕಾಶ ನನಗೆ ದೊರೆಯಿತು. ನ್ಯೂಯಾರ್ಕಿನ ಮುಗಿಲು ಮುಟ್ಟುವ ಸೌಧಗಳನ್ನೂ ನಯಾಗರದ ಜಲಪಾತವನ್ನೂ ಕುರಿತು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಾನು ಹೇಳಹೊರಟಿರುವುದು ಒಂದು ಟೆಲಿಫೋನ್ ಸಂಖ್ಯೆಯ ವಿಚಾರ. ಇದೂ ಪ್ರವಾಸಕಥನಕ್ಕೆ ತಕ್ಕ ವಸ್ತುವೇ ಎಂದು ವಾಚಕರು ಹುಬ್ಬೇರಿಸಬಹುದು; ಸ್ವಲ್ಪ ಸಾವಧಾನದಿಂದ ಓದಬೇಕೆಂದು ಬೇಡುತ್ತೇನೆ.

ವರ್ಮಾಂಟ್ ಎಂಬ ಹೆಸರು ಫ್ರೆಂಚ್ ಮೂಲದ್ದು. 'ಹಸುರು ಬೆಟ್ಟ' ಎಂದು ಅರ್ಥ. ಅನ್ವರ್ಥನಾಮವೇ ಸರಿ. ಉತ್ತರಕ್ಕೆ ಕೆನಡಾ ದೇಶದ ಗಡಿ, ಪಶ್ಚಿಮಕ್ಕೆ ಷಾಂಪ್ಲೇನ್ ಸರೋವರ, ನಡುವೆ ಉದ್ದಕ್ಕೂ ಬೆಟ್ಟಸಾಲು. 2020ರ ಗಣತಿಯಂತೆ ಇಡೀ ಸಂಸ್ಥಾನದ ಜನಸಂಖ್ಯೆ 6,43,077. ನಮ್ಮ ಮೈಸೂರು ನಗರವೊಂದರಲ್ಲೇ ಇದಕ್ಕಿಂತ ಹೆಚ್ಚು ಮಂದಿ ಇದ್ದಾರೆ. ಮಗಳ ಮನೆಯಿರುವುದು ರಾಜಧಾನಿಯಾದ ಮಾಂಟ್‌ಪೀಲಿಯರಿನಲ್ಲಿ. ರಾಜಧಾನಿಯೆಂದರೆ ಎಂಟು ಸಾವಿರ ಜನರ ಊರು! ಶಾಸನಸಭೆಯ ಚಿನ್ನದ ಗುಮ್ಮಟದ ಬೆನ್ನಿಗೇ ಕಾಡುಗುಡ್ಡ.

ಹೋದ ಮೊದಲ ವಾರದಲ್ಲೇ ಒಂದು ಸೋಜಿಗವನ್ನು ಕಂಡೆನು. ಕಾರುಗಳ ಬೆನ್ನಿನಲ್ಲಿ 802, ಹುಡುಗರ ಟೋಪಿಯ ಮೇಲೆ 802, ಅಂಗಡಿಯ ಹಲಗೆಯಲ್ಲಿ 802. ಬಸ್ಸಿನ ನಂಬರಿರಬಹುದೆಂದು ಬಗೆದು ಕೇಳಿದರೆ ಮಗಳು ನಕ್ಕುಬಿಟ್ಟಳು. "ಅಪ್ಪಾ, ಅದು ಈ ಸೀಮೆಯ ಫೋನ್ ಕೋಡ್. ಇಡೀ ರಾಜ್ಯಕ್ಕೆ ಒಂದೇ. ಅದಕ್ಕೇ ಇವರಿಗೆ ಅಷ್ಟೊಂದು ಅಭಿಮಾನ" ಎಂದಳು.

ಈ ಸಂಕೇತಾಂಕಗಳು ಹುಟ್ಟಿದ್ದು 1947ರಲ್ಲಿ. ಆ ವರ್ಷ ಅಲ್ಲಿಯ ಬೆಲ್ ಟೆಲಿಫೋನ್ ವ್ಯವಸ್ಥೆಯವರು ದೇಶವನ್ನೂ ಕೆನಡಾವನ್ನೂ 86 ವಲಯಗಳಾಗಿ ವಿಂಗಡಿಸಿ ಒಂದೊಂದಕ್ಕೆ ಮೂರು ಅಂಕೆಗಳನ್ನು ಹಂಚಿದರು. ಹಂಚಿಕೆಯಲ್ಲಿ ಒಂದು ಲೆಕ್ಕಾಚಾರವಿತ್ತು. ಆಗಿನದು ಬೆರಳಿಟ್ಟು ತಿರುಗಿಸುವ ಚಕ್ರದ ಟೆಲಿಫೋನು. ಎರಡನ್ನು ತಿರುಗಿಸಿದರೆ ತಂತಿಯಲ್ಲಿ ಎರಡು ಮಿಡಿತ, ಸೊನ್ನೆಗೆ ಹತ್ತು ಮಿಡಿತ. ಬಹುಮಂದಿ ಕರೆಯುವ ನ್ಯೂಯಾರ್ಕ್ ನಗರಕ್ಕೆ 212. ಕೂಡಿದರೆ ಐದೇ ಮಿಡಿತ. ನಮ್ಮ ವರ್ಮಾಂಟಿಗೆ 802. ಎಂಟೂ ಹತ್ತೂ ಎರಡೂ ಸೇರಿ ಇಪ್ಪತ್ತು. ಇಡೀ ಸಂಸ್ಥಾನಕ್ಕೆ ಒಂದೇ ಸಂಕೇತವಿದ್ದರೆ ನಡುವೆ ಸೊನ್ನೆ, ಹಲವಿದ್ದರೆ ನಡುವೆ ಒಂದು ಎಂಬುದು ಆಗಿನ ನಿಯಮ. ಬಡವನ ಮನೆಗೆ ದಾರಿ ದೂರ ಎನ್ನುವ ಹಾಗಾಯಿತು. ನಮ್ಮಲ್ಲಿಯಾದರೂ ಬೆಂಗಳೂರಿಗೆ 080, ಶಿವಮೊಗ್ಗೆಗೆ 08182 ಅಲ್ಲವೆ?

ಕನೆಕ್ಟಿಕಟ್ ಸಂಸ್ಥಾನದ 203 ಸಾಲದೆ 1995ರಲ್ಲಿ ಅದನ್ನು ಒಡೆದು 860ನ್ನು ಸೇರಿಸಿದರು. ವರ್ಮಾಂಟಿಗೆ ಆ ಗತಿ ಬರಲಿಲ್ಲ.

ಸಂಸ್ಕೃತ ಓದಿದವನ ಚಪಲ ಸುಮ್ಮನಿರುವುದೆ? ಕಟಪಯಾದಿ ಕ್ರಮವನ್ನು ಸಂಗೀತ ಬಲ್ಲ ಮನೆಗಳಲ್ಲಿ ಎಲ್ಲರೂ ಅರಿತಿರುವರು. ಧೀರಶಂಕರಾಭರಣದಲ್ಲಿ 'ಧೀ' ಒಂಬತ್ತು, 'ರ' ಎರಡು. ಬಲದಿಂದ ಎಡಕ್ಕೆ ಓದಿದರೆ 29ನೆಯ ಮೇಳ. ಹಾಗೆಯೇ 802ಕ್ಕೆ ಒಂದು ಪದ ಹುಡುಕುತ್ತ ಹೋದೆನು. 'ಖ' ಎರಡು, 'ನಿ' ಸೊನ್ನೆ, 'ಜ' ಎಂಟು: ಖನಿಜ! ಮಾಂಟ್‌ಪೀಲಿಯರಿಗೆ ತೀರ ಸಮೀಪದ ಬ್ಯಾರಿ ಎಂಬ ಊರು ಬೆಣಚುಕಲ್ಲಿನ ಗಣಿಗಳಿಗೆ ಪ್ರಸಿದ್ಧವಾದುದು. ಇಟಲಿಯಿಂದ ಬಂದ ಶಿಲ್ಪಿಗಳು ಅಲ್ಲಿ ಪರರ ಸಮಾಧಿಗೆ ಕಲ್ಲು ಕೆತ್ತುತ್ತ, ಆ ಧೂಳನ್ನೇ ಉಸಿರಾಡಿ ಎಷ್ಟೋ ಮಂದಿ ಅಕಾಲದಲ್ಲಿ ತೀರಿಕೊಂಡರು. ಪದ ಒಪ್ಪಿತೆಂದು ಹಿಗ್ಗಿದವನಿಗೆ ಆ ಊರಿನ ಸ್ಮಶಾನವನ್ನು ನೋಡಿ ಬಂದ ಮೇಲೆ ಹಿಗ್ಗು ಉಳಿಯಲಿಲ್ಲ.

ನೆರೆಮನೆಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರಿದ್ದರು. ಅವರ ತಂಗಿಯಿದ್ದುದು ಬ್ಯಾರಿಯಲ್ಲಿ. ಹಿಂದೆಲ್ಲ ಸಂಸ್ಥಾನದೊಳಗೆ ಕರೆಯಲು ಏಳಂಕೆ ಸಾಕಾಗಿತ್ತು. 2021ರ ಅಕ್ಟೋಬರ್ 24ರಿಂದ 802ನ್ನೂ ಸೇರಿಸಿ ಹತ್ತನ್ನೂ ಒತ್ತಲೇಬೇಕೆಂದು ಕಟ್ಟಳೆಯಾಯಿತು. ಅಜ್ಜಿಗೆ ಇದು ಸರಿಬೀಳಲಿಲ್ಲ. "ಒಡಹುಟ್ಟಿದವಳನ್ನು ಕರೆಯುವುದಕ್ಕೆ ಸೀಮೆಯ ಹೆಸರನ್ನೇಕೆ ಹೇಳಬೇಕು?" ಎಂದು ಅವರು ಕೇಳಿದಾಗ ನನಗೂ ಹೌದೆನಿಸಿತು.

ಕಾರಣವನ್ನು ಮಗಳು ಹೇಳಿದಳು. ಬದುಕು ಭಾರವಾಗಿ ಪ್ರಾಣ ಕಳೆದುಕೊಳ್ಳುವ ಯೋಚನೆಗೆ ಬಿದ್ದವರು ಯಾವ ಹೊತ್ತಿನಲ್ಲಾದರೂ ಕರೆದು ಮಾತನಾಡಬಹುದಾದ ಸಹಾಯವಾಣಿಯೊಂದು ಆ ದೇಶದಲ್ಲಿದೆ. ಅದರ ಸಂಖ್ಯೆ ಬಲು ಉದ್ದವಾಗಿತ್ತು. ಕಂಗೆಟ್ಟವನಿಗೆ ಅಷ್ಟೆಲ್ಲ ನೆನಪಿರುವುದೆ? ಆದುದರಿಂದ 988 ಎಂಬ ಮೂರೇ ಅಂಕೆಗಳನ್ನು ಗೊತ್ತುಮಾಡಿದರು. ಆದರೆ ವರ್ಮಾಂಟಿನ ಉತ್ತರದಂಚಿನಲ್ಲಿ, ಜೇ ಎಂಬ ಬೆಟ್ಟದೂರಿನ ಸುತ್ತ, ಮನೆಮನೆಯ ಸಂಖ್ಯೆಯೂ 988ರಿಂದಲೇ ಮೊದಲಾಗುತ್ತಿತ್ತು. ಯಾರಾದರೂ 988 ಒತ್ತಿದರೆ, ಅವರು ಜೇ ಊರಿನ ನೆಂಟರನ್ನು ಕರೆಯುತ್ತಿರುವರೋ ಪ್ರಾಣಸಂಕಟದಲ್ಲಿರುವರೋ ಯಂತ್ರಕ್ಕೆ ತಿಳಿಯದು. ಇನ್ನು ನಾಲ್ಕು ಅಂಕೆ ಬಂದಾವೆಂದು ಕಾಯುತ್ತ ಕುಳಿತೀತು. ಎಲ್ಲರೂ 802 ಎಂದೇ ಮೊದಲುಮಾಡಿದರೆ ಗೊಂದಲವಿಲ್ಲ. 2022ರ ಜುಲೈ 16ರಂದು, ನಾನು ಅಲ್ಲಿದ್ದಾಗಲೇ, ಆ ಸಂಖ್ಯೆ ದೇಶದಲ್ಲೆಲ್ಲ ಜಾರಿಗೆ ಬಂದಿತು.

ಇದನ್ನು ಕೇಳಿ ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬಹಳ ವರ್ಷಗಳ ಹಿಂದೆ, ಎಸ್.ಎಸ್.ಎಲ್.ಸಿ. ಪರೀಕ್ಷೆಯ ಫಲಿತಾಂಶ ಬಂದ ಸಂಜೆ, ನನ್ನ ಬಳಿ ರಾಮಶಬ್ದ ಕಲಿತಿದ್ದ ಹುಡುಗನೊಬ್ಬ ನಮ್ಮ ಮನೆಯ ಜಗಲಿಯವರೆಗೆ ಬಂದಿದ್ದನು. ನಾನು ಪೇಟೆಗೆ ಹೋಗಿದ್ದೆ. "ಮೇಷ್ಟರು ಇಲ್ಲವೇ" ಎಂದು ಕೇಳಿ, ಕೊಟ್ಟ ನೀರು ಕುಡಿದು ಹೋದನೆಂದು ನನ್ನಾಕೆ ಹೇಳಿದಳು. ಮರುದಿನ ಬೆಳಗಿಗೆ ಅವನಿರಲಿಲ್ಲ. ನಾನಿದ್ದಿದ್ದರೆ ಏನು ಹೇಳುತ್ತಿದ್ದೆನೋ, ಇಂದಿಗೂ ತಿಳಿಯದು. ಇರಲಿಲ್ಲವೆಂಬುದು ಮಾತ್ರ ಉಳಿಯಿತು.

ಅಜ್ಜಿಗೆ ಕಾರಣವನ್ನು ತಿಳಿಸಿದೆನು. ಅವರು ಕೊಂಚ ಹೊತ್ತು ಸುಮ್ಮನಿದ್ದು, ಟೆಲಿಫೋನಿನ ಪಕ್ಕದ ಚೀಟಿಯಲ್ಲಿ ವೈದ್ಯರ ಸಂಖ್ಯೆಯ ಕೆಳಗೆ 988 ಎಂದು ಬರೆದುಕೊಂಡರು. ಅನಂತರ ಹತ್ತಂಕೆಗಳನ್ನೂ ಒಂದೊಂದಾಗಿ ಒತ್ತಿ ತಂಗಿಯನ್ನು ಕರೆದರು.

ನಾನು ಊರಿಗೆ ಹಿಂದಿರುಗಿದ ಮೇಲೆ, ಅದೇ ವರ್ಷದ ಅಕ್ಟೋಬರ್ 10ರಂದು, ನಮ್ಮ ದೇಶದಲ್ಲಿಯೂ ಟೆಲಿ-ಮಾನಸ್ ಎಂಬ ಸರ್ಕಾರದ ಸಹಾಯವಾಣಿ ಆರಂಭವಾಯಿತು. ಇದಕ್ಕೆ ಮುಖ್ಯ ಕೇಂದ್ರ ಬೆಂಗಳೂರಿನ ನಿಮ್ಹಾನ್ಸ್. ಸಂಖ್ಯೆ 14416. ಹಗಲಿರುಳೂ ಕರೆಯಬಹುದು, ಕನ್ನಡದಲ್ಲಿಯೇ ಮಾತನಾಡಬಹುದು, ಖರ್ಚಿಲ್ಲ. ಪಂಚಾಂಗದ ಒಳಹಾಳೆಯಲ್ಲಿ, ಮಗಳ ಮನೆಯ ಸಂಖ್ಯೆಯ ಕೆಳಗೆ, ಇದನ್ನು ಬರೆದಿಟ್ಟಿದ್ದೇನೆ. ಮನೆಗೆ ಪಾಠಕ್ಕೆ ಬರುವ ಹುಡುಗರಿಗೂ ಬಾಯಿಪಾಠ ಮಾಡಿಸಿದ್ದೇನೆ. ಐದಂಕೆಯಾದ್ದರಿಂದ ಕಟಪಯಾದಿಯಲ್ಲಿ ಇದಕ್ಕೊಂದು ಪದ ಸಿಕ್ಕಿದ್ದರೆ ನೆನಪಿಗೆ ಅನುಕೂಲವಾಗುತ್ತಿತ್ತು. ಎಷ್ಟು ತಡಕಿದರೂ ಹೊಂದುವುದೊಂದು ನನಗಿನ್ನೂ ದೊರೆತಿಲ್ಲ. ಬಲ್ಲ ವಾಚಕರು ತಿಳಿಸಿದರೆ ಉಪಕೃತನಾಗುವೆನು.