ಹೊಳೆಯೋ ನೆಲ ಬೇಡ ಅಂದೆ

ನಮ್ಮನೆ ಹಿತ್ತಲು ಹೇಳ್ಕೊಳ್ಳೋ ಅಂಥಾದ್ದೇನಲ್ಲ. ಮಂಡಿ ಮೊಹಲ್ಲಾದ ಹಳೇ ಮನೆಗಳನ್ನ ನೋಡಿದೋರಿಗೆ ಗೊತ್ತು, ಒಂದರ ಗೋಡೆಗೆ ಇನ್ನೊಂದು ಒತ್ಕೊಂಡು ನಿಂತಿರ್ತವೆ. ಮುಂದೆ ಬೀದಿ, ಹಿಂದೆ 12 ಅಡಿಗೆ 10 ಅಡಿ ಜಾಗ. ಅದರೊಳಗೇ ತುಳಸಿಕಟ್ಟೆ, ಒಗೆಯೋ ಕಲ್ಲು, ನೀರಿನ ತೊಟ್ಟಿ, ಒಂದು ಕರಿಬೇವಿನ ಗಿಡ. ನೆಲ ಸಿಮೆಂಟಿಂದು. ನಾನು ಮದುವೆಯಾಗಿ ಬಂದಾಗಿನಿಂದ ಉಜ್ಜಿ ಉಜ್ಜಿ ಅದನ್ನ ಕನ್ನಡಿ ಥರ ಮಾಡಿಟ್ಟಿದ್ದೆ. ಬಂದೋರೆಲ್ಲ "ಹಿತ್ತಲು ಎಷ್ಟು ಚೊಕ್ಕಟವಾಗಿಟ್ಟಿದೀರಿ" ಅಂದ್ರೆ ಒಳಗೊಳಗೇ ಹಿಗ್ಗು.

ಹೋದ ವರ್ಷ ಆಷಾಢ ಶುಕ್ರವಾರ. ಊರಿಗೆ ಊರೇ ಚಾಮುಂಡಿ ಬೆಟ್ಟಕ್ಕೆ ಹೊರಟಿತ್ತು. ನಾವು ಮನೇಲೇ ಪೂಜೆ ಮಾಡೋದು. ಬೆಳಿಗ್ಗೆ ಐದಕ್ಕೇ ಎದ್ದು ಹಿತ್ತಲಿಗೆ ಸೋಪಿನ ಪುಡಿ ಹಾಕಿ ಉಜ್ಜಿದೆ. ಅಷ್ಟರಲ್ಲಿ ಒಲೆ ಮೇಲಿದ್ದ ಹಾಲು ನೆನಪಾಯ್ತು. ನೀರು ಹೊಯ್ಯೋದನ್ನ ಬಿಟ್ಟು ಒಳಗೆ ಓಡಿದೆ. ನಮ್ಮತ್ತೆ ತುಳಸಿ ಕೀಳೋಕೆ ಹೋದ್ರು. ಆ ಸದ್ದು ಇವತ್ತಿಗೂ ಕಿವೀಲಿದೆ. 81 ವರ್ಷದ ಹೆಂಗಸು, ತೊಡೆ ಮೂಳೆ ಮುರೀತು. ಆಪರೇಷನ್ ಆಗಿ ರಾಡ್ ಹಾಕಿದ್ರು. ಕೇಳಿದೋರಿಗೆಲ್ಲ ನಾನು ಹೇಳಿದ್ದು ಒಂದೇ ಮಾತು: "ಮಳೆ ನೀರಿಗೆ ಜಾರಿದ್ರು." ಸೋಪಿನ ವಿಷ್ಯ ನಮ್ಮೆಜಮಾನ್ರಿಗೂ ಹೇಳಲಿಲ್ಲ.

ನಾಲ್ಕು ತಿಂಗಳಿಗೆ ಅತ್ತೆ ಕೋಲು ಹಿಡ್ಕೊಂಡು ಮನೆಯೊಳಗೆ ಓಡಾಡೋ ಹಾಗಾದ್ರು. ಆದ್ರೆ ಹಿತ್ತಲ ಬಾಗಿಲ ಹೊಸಲು ದಾಟಲಿಲ್ಲ. ಅಲ್ಲೇ ಕುರ್ಚಿ ಹಾಕಿಸ್ಕೊಂಡು ದೂರದಿಂದಲೇ ತುಳಸಿಗೆ ಕೈ ಮುಗಿಯೋರು. ಅದನ್ನ ನೋಡಿದಾಗೆಲ್ಲ ನನ್ನ ಹೊಟ್ಟೇಲಿ ಒಂಥರಾ ಆಗೋದು. ನೆಲ ಬದಲಾಯಿಸ್ಲೇಬೇಕು ಅಂತ ಹಟ ಹಿಡಿದೆ.

ನಮ್ಮೆಜಮಾನ್ರು "ಸರಿ, ಒಳ್ಳೇ ಟೈಲ್ಸ್ ಹಾಕ್ಸೋಣ, ಹೊಳೀತಿರ್ಲಿ" ಅಂದ್ರು. ನನಗೆ ಮೈ ಉರೀತು. "ಹೊಳೆಯೋ ನೆಲ ಬೇಡ ರೀ, ಕಾಲು ನಿಲ್ಲೋ ನೆಲ ಬೇಕು" ಅಂದೆ. ಬೆಂಗಳೂರಲ್ಲಿರೋ ಮಗಳು ಫೋನಲ್ಲಿ ಒಂದು ಫೋಟೋ ಕಳಿಸಿದ್ಲು, ಎಕ್ಸ್‌ಪೋಸ್ಡ್ ಅಗ್ರಿಗೇಟ್ ಅಂತ. ಕಾಂಕ್ರೀಟ್ ಹಾಕಿ, ಅದು ಪೂರ್ತಿ ಗಟ್ಟಿಯಾಗೋ ಮುಂಚೆ ಮೇಲಿನ ಸಿಮೆಂಟ್ ಹಾಲನ್ನ ತೊಳೆದು ತೆಗೆಯೋದು. ಒಳಗಿನ ಕಲ್ಲು ಮೇಲೆ ಕಾಣುತ್ತೆ, ನೆಲ ತರಿತರಿಯಾಗಿರುತ್ತೆ, ಒದ್ದೆಯಾದ್ರೂ ಕಾಲು ಹಿಡಿಯುತ್ತೆ. ಅಮೆರಿಕದ ವಾಷಿಂಗ್ಟನ್ನಿನಲ್ಲಿ ಮೆರಿಡಿಯನ್ ಹಿಲ್ ಪಾರ್ಕ್ ಅಂತ ಇದೆಯಂತೆ, ನೂರು ವರ್ಷದ ಹಿಂದೆ ಗೋಡೆ, ಮೆಟ್ಟಿಲು ಎಲ್ಲ ಹೀಗೇ ಕಲ್ಲು ಕಾಣೋ ಕಾಂಕ್ರೀಟಿನಲ್ಲಿ ಮಾಡಿದ್ದು. ನಮ್ಮ ಮೇಸ್ತ್ರಿಗೆ ಫೋಟೋ ತೋರಿಸಿದ್ರೆ ನಕ್ಕುಬಿಟ್ಟ. "ಅಕ್ಕಾ, ಇದು ನಮ್ಮ ಗ್ರಿಟ್ ವಾಷ್ ಅಲ್ವಾ? ನಮ್ಮಪ್ಪ ಗೋಡೆಗೆ ಮಾಡ್ತಿದ್ರು. ನೀವು ನೆಲಕ್ಕೆ ಕೇಳ್ತಿದೀರ, ಅಷ್ಟೇ" ಅಂದ.

ಒಂದು ಮಾತು ಮಾತ್ರ ನಾನು ಮೊದಲೇ ಹೇಳಿದೆ, ಒಡೆದ ಜಲ್ಲಿ ಬೇಡ ಅಂತ. ಅದರ ಅಂಚು ಚೂಪು, ಹಿತ್ತಲಲ್ಲಿ ನಾವೆಲ್ಲ ಬರಿಗಾಲಲ್ಲೇ ಓಡಾಡೋದು. ಹುಣಿಸೆ ಬೀಜದ ಗಾತ್ರದ ನುಣುಪು ಗುಂಡುಕಲ್ಲೇ ಬೇಕು ಅಂದೆ. ಹುಡುಕಿ ತಂದ.

ಸಂಕ್ರಾಂತಿ ಕಳೆದ ಮೇಲೆ, ಮಳೆ ಭಯ ಇಲ್ಲದಾಗ ಕೆಲಸ ಶುರು. ಹಳೇ ನೆಲ ಒಡೆದು, ಮಣ್ಣು ದಿಮ್ಮಸು ಹಾಕಿ ಗಟ್ಟಿ ಮಾಡಿದ್ರು. ಮೇಸ್ತ್ರಿ ಮೂಲೇಲಿ ಎರಡಡಿ ಜಾಗದಲ್ಲಿ ಮೊದಲು ಒಂದು ಮಾದರಿ ಮಾಡಿ ತೋರಿಸ್ತೀನಿ ಅಂದ. ಒಳ್ಳೇದೇ ಆಯ್ತು ಕಣ್ರೀ. ಮೊದಲನೇ ಸಲ ಎರಡು ಗಂಟೆಗೇ ನೀರು ಬಿಟ್ಟ, ಕಲ್ಲೆಲ್ಲ ಕಿತ್ಕೊಂಡು ಬಂತು. ಎರಡನೇ ಸಲ ರಾತ್ರಿಯೆಲ್ಲ ಬಿಟ್ಟ, ಬೆಳಿಗ್ಗೆ ನೋಡಿದ್ರೆ ತಂತಿ ಬ್ರಷ್ಷಿಗೂ ಜಗ್ಗದ ಹಾಗೆ ಗಟ್ಟಿಯಾಗಿತ್ತು. ನನಗೆ ಮೈಸೂರು ಪಾಕ್ ನೆನಪಾಯ್ತು. ಒಂದೆಳೆ ಪಾಕ ಬರೋ ಮುಂಚೆ ಹಿಟ್ಟು ಹಾಕಿದ್ರೆ ಮುದ್ದೆ, ತಡವಾದ್ರೆ ಕಲ್ಲು.

ಮೂರನೇ ಸಲ ಮೇಸ್ತ್ರಿ ಬಂದೋನೇ "ಅಕ್ಕಾ, ಒಂದು ಲೋಟ ಸಕ್ಕರೆ ಕೊಡಿ" ಅಂದ. ಕಾಫಿಗೇನೋ ಅಂದ್ಕೊಂಡೆ. ಅದನ್ನ ನೀರಲ್ಲಿ ಕರಗಿಸಿ, ಕಾಂಕ್ರೀಟ್ ಮಟ್ಟ ಮಾಡಿದ ಮೇಲೆ ಸಣ್ಣಗೆ ಚಿಮುಕಿಸಿದ, ಮೇಲೆ ಪ್ಲಾಸ್ಟಿಕ್ ಹೊದಿಸಿದ. ಸಕ್ಕರೆ ಸಿಮೆಂಟು ಗಟ್ಟಿಯಾಗೋದನ್ನ ತಡೆಯುತ್ತಂತೆ. ಮೇಲಿನ ತೆಳು ಪದರ ಮಾತ್ರ ಹಸಿಯಾಗೇ ಉಳಿಯುತ್ತೆ, ಕೆಳಗಿನದು ಗಟ್ಟಿಯಾಗುತ್ತೆ. "ಕಲಸೋವಾಗ ಒಳಗೆ ಸೇರಿದ್ರೆ ಮಾತ್ರ ಇಡೀ ಕಾಂಕ್ರೀಟೇ ಕೆಟ್ಟುಹೋಗುತ್ತೆ" ಅಂತ ಎಚ್ಚರಿಕೇನೂ ಕೊಟ್ಟ. ಅದಕ್ಕೆ ಅಂತ ಅಂಗಡೀಲಿ ಔಷಧಿ ಸಿಗುತ್ತೆ, ನಮ್ಮ ಸಣ್ಣ ಹಿತ್ತಲಿಗೆ ಸಕ್ಕರೆಯೇ ಸಾಕಾಯ್ತು. ಪಿಯುಸಿ ಓದಿ, ಮೂವತ್ತು ವರ್ಷ ಅಡುಗೆ ಮಾಡಿದ ನನಗೆ ಇದು ಗೊತ್ತಿರಲಿಲ್ಲ.

ಆಮೇಲೆ ಇಡೀ ಹಿತ್ತಲು. ಒಂದಕ್ಕೆ ಒಂದೂವರೆ ಮರಳು, ಮೂರು ಜಲ್ಲಿ, 4 ಇಂಚು ದಪ್ಪ. ಸಿಮೆಂಟೇ 9 ಮೂಟೆ ಹಿಡೀತು. ಒಂದೇ ಚಪ್ಪಡಿ ಹಾಕಿದ್ರೆ ಬಿರುಕು ಬಿಡುತ್ತೆ ಅಂತ ಮಧ್ಯೆ ಪಟ್ಟಿ ಕೊಟ್ಟು ನಾಲ್ಕು ಭಾಗ ಮಾಡಿದ. ಮೋರಿ ಕಡೆಗೆ ಅಡಿಗೆ ಕಾಲಿಂಚು ಇಳಿಜಾರು. ಮಟ್ಟ ಮಾಡಿದ ಮೇಲೆ ಗುಂಡುಕಲ್ಲು ಚೆಲ್ಲಿ ಮರದ ಹಲಗೆಯಿಂದ ತಟ್ಟಿ ತಟ್ಟಿ ಕೂರಿಸಿದ್ರು. ಕಲ್ಲಿನ ಮೂರರಲ್ಲಿ ಎರಡು ಪಾಲು ಒಳಗೇ ಇರ್ಬೇಕು, ಒಂದು ಪಾಲಿಗಿಂತ ಹೆಚ್ಚು ಹೊರಗೆ ಬಂದ್ರೆ ಒಂದೊಂದೇ ಕಿತ್ಕೊಂಡು ಬರುತ್ತೆ. ಮಾರನೇ ಬೆಳಿಗ್ಗೆ ಮೆತ್ತಗಿನ ಬ್ರಷ್ ಹಿಡಿದು ತೊಳೆದ್ರು. ಆ ಸಿಮೆಂಟ್ ನೀರು ಮೋರಿಗೆ ಬಿಡಬಾರದು, ಒಳಗೇ ಕಟ್ಟಿಕೊಳ್ಳುತ್ತೆ. ಗಿಡಕ್ಕೂ ಬಿಡಬಾರದು. ಮೋರಿ ಬಾಯಿಗೆ ಮರಳು ಮೂಟೆ ಅಡ್ಡ ಇಟ್ಟು ಬಕೀಟಿಗೆ ತುಂಬಿ ತೆಗೆದ್ರು. ನಾನೂ ಉತ್ಸಾಹಕ್ಕೆ ಬರಿಗೈಲಿ ಉಜ್ಜೋಕೆ ಕೂತೆ, ಸಂಜೆ ಹೊತ್ತಿಗೆ ಬೆರಳ ತುದಿಯೆಲ್ಲ ಸುಟ್ಟ ಹಾಗೆ. ಕೈಗವಸು ಹಾಕ್ದೆ ಮುಟ್ಟಬೇಡಿ.

ಸಿಮೆಂಟು ಒಣಗಿ ಗಟ್ಟಿಯಾಗೋದು ಅಂತ ನಾವಂದ್ಕೋತೀವಿ, ತಪ್ಪು. ಅದು ನೀರಿನ ಜೊತೆ ಸೇರಿಯೇ ಗಟ್ಟಿಯಾಗೋದು. ಹಾಗಾಗಿ ಹತ್ತು ದಿನ ಗೋಣಿಚೀಲ ಹಾಸಿ ನೆನೆಸಿದ್ವಿ. ಆ ಹತ್ತು ದಿನ ನೀರು ಹಾಕೋ ಕೆಲಸ ನಂದು. ಅತ್ತೆ ಹೊಸಲ ಹತ್ರ ಕುರ್ಚೀಲಿ ಕೂತು "ಆ ಮೂಲೆ ಒಣಗಿದೆ ನೋಡೇ" ಅಂತ ಹೇಳ್ತಿರೋರು. ಒಂದಿನ ಮನೇಲಿ ಯಾರೂ ಇರಲಿಲ್ಲ. ಚೊಂಬು ಕೆಳಗಿಟ್ಟು ಹೇಳ್ಬಿಟ್ಟೆ. "ಅತ್ತೆ, ಅವತ್ತು ಮಳೆ ನೀರಲ್ಲ. ನಾನು ಸೋಪು ಹಾಕಿ ಹಾಗೇ ಬಿಟ್ಟು ಹೋಗಿದ್ದೆ."

ಅವರು ಸ್ವಲ್ಪ ಹೊತ್ತು ಸುಮ್ಮನಿದ್ರು. "ಸೀರೆಯೆಲ್ಲ ಸೋಪಿನ ವಾಸನೆ ಹೊಡೀತಿತ್ತು, ನನಗೆ ಗೊತ್ತಾಗದೆ ಇರುತ್ತಾ?" ಅಂದ್ರು. ಆಮೇಲೆ, "ನೀನೇ ಹೇಳ್ಲಿ ಅಂತಿದ್ದೆ. ಹೋಗು, ಒಳಗೆ ಬೇಳೆ ಸೀಯ್ತಿದೆ." ಅಷ್ಟೇ. ಬೇಳೆ ನಿಜವಾಗ್ಲೂ ಸೀದಿತ್ತು.

ಈಗ ನೆಲ ಹೇಗಿದೆ ಅಂತ ಕೇಳಿದ್ರೆ, ಎಲ್ಲಾ ಸುಖ ಅಂತ ಹೇಳಲ್ಲ. ಹುಲ್ಲು ಪೊರಕೆ ನಡೆಯಲ್ಲ, ಕಡ್ಡಿ ಪೊರಕೆಯೇ ಬೇಕು. ಕಲ್ಲಿನ ಸಂದೀಲಿ ಕರಿಬೇವಿನ ಎಲೆ ಕೂತ್ಕೊಳ್ಳುತ್ತೆ. ಮಳೆಗಾಲದಲ್ಲಿ ಪಾಚಿ ಕಟ್ಟದ ಹಾಗೆ ವಾರಕ್ಕೊಮ್ಮೆ ಉಜ್ಜಲೇಬೇಕು, ಪಾಚಿ ಬಂದ್ರೆ ಇದೂ ಜಾರುತ್ತೆ. ದೊಡ್ಡ ತೊಂದರೆ ಅಂದ್ರೆ ರಂಗೋಲಿ. ತರಿ ನೆಲದ ಮೇಲೆ ಎಳೆ ಎಲ್ಲಿ ನಿಲ್ಲುತ್ತೆ? ಅದಕ್ಕೆ ಹಳೇ ಒಗೆಯೋ ಕಲ್ಲನ್ನೇ ತುಳಸಿಕಟ್ಟೆ ಮುಂದೆ ನೆಲದ ಮಟ್ಟಕ್ಕೆ ಹೂತು ಕೂರಿಸಿದ್ವಿ. ಅದರ ಮೇಲೆ ದಿನಾ ನಾಲ್ಕೆಳೆ ರಂಗೋಲಿ.

ಇಪ್ಪತ್ತೆಂಟು ದಿನ ಕಳೆದು ಸೀಲರ್ ಬಳಿಸೋವಾಗ ಮೇಸ್ತ್ರಿ "ಹೊಳಪಿನದು ಹಾಕ್ಲಾ ಅಕ್ಕಾ, ಚೆನ್ನಾಗಿ ಕಾಣುತ್ತೆ" ಅಂದ. ಹೊಳಪಿಲ್ಲದ್ದೇ ಹಾಕು ಅಂದೆ. ಹೊಳಪಿನದು ಬಳಿದ್ರೆ ಮತ್ತೆ ಜಾರಿಕೆ.

ಸೀಲರ್ ಒಣಗಿದ ಮಾರನೇ ದಿನ ಅತ್ತೆ ಹೊಸಲು ದಾಟಿದ್ರು. ಒಂದು ಕೈಲಿ ಕೋಲು, ಇನ್ನೊಂದು ನನ್ನ ಭುಜದ ಮೇಲೆ. ನಾನು ನೆಲಕ್ಕೆ ಒಂದು ಚೊಂಬು ನೀರು ಚೆಲ್ಲಿ ಮೊದಲು ನಾನೇ ನಡೆದು ತೋರಿಸಿದ್ದೆ. ಅವರು ಶ್ರೀರಂಗಪಟ್ಟಣದೋರು. ನಾಲ್ಕು ಹೆಜ್ಜೆ ಇಟ್ಟು ನಿಂತು, ಪಾದ ಆಡಿಸಿ ನೋಡಿ, "ಇದೇನೇ, ಹೊಳೆ ದಂಡೆ ಮಾಡ್ಸಿಟ್ಟಿದೀಯ, ಕಾಲಿಗೆ ಒತ್ತುತ್ತೆ" ಅಂತ ಬೈದ್ರು. ಬೈಕೊಂಡೇ ತುಳಸಿವರೆಗೂ ಹೋದ್ರು.

ಈಗ ದಿನಾ ಬೆಳಿಗ್ಗೆ ಒಬ್ಬರೇ ಹೋಗ್ತಾರೆ. ನಾನು ಹಾಲು ಉಕ್ಕಿದ್ರೂ ಪರವಾಗಿಲ್ಲ ಅಂತ ಅಡುಗೆಮನೆ ಕಿಟಕೀಲಿ ನಿಂತು ನೋಡ್ತಿರ್ತೀನಿ. ನಿಮ್ಮನೇಲಿ ವಯಸ್ಸಾದೋರಿದ್ರೆ ಇವತ್ತೇ ಹಿತ್ತಲಿಗೆ ಒಂದು ಚೊಂಬು ನೀರು ಚೆಲ್ಲಿ, ಬರಿಗಾಲಲ್ಲಿ ಜೋಪಾನವಾಗಿ ನಡೆದು ನೋಡಿ. ಜಾರೋದು ಗೊತ್ತಾದ್ರೆ ಟೈಲ್ಸ್ ಅಂಗಡಿಗೆ ಹೋಗೋ ಮುಂಚೆ ಒಬ್ಬ ಹಳೇ ಮೇಸ್ತ್ರಿಯನ್ನ ಕೇಳಿ.