ಸುಗ್ಗಿ ಹಬ್ಬದ ಕುಂಬಳಕಾಯಿ

ಹೋದ ವರ್ಷ ನಮ್ಮ ಸಭೆಯ ಸುಗ್ಗಿ ಹಬ್ಬದಲ್ಲಿ ಅವ್ವ ಒಂದು ಕುಂಬಳಕಾಯಿಯನ್ನು 700 ರೂಪಾಯಿಗೆ ಲಿಲಾವಿನಲ್ಲಿ ಹಿಡಿದಳು. ಸಂತೆಯಲ್ಲಿ ನಲವತ್ತಕ್ಕೆ ಸಿಗುವ ಕಾಯಿ. ಈ ಹಬ್ಬ ಕಂಡಿಲ್ಲದವರಿಗೆ ಹೇಳಬೇಕು: ಅವತ್ತು ಮನೆಮನೆಯವರು ತಾವು ಬೆಳೆದದ್ದು, ಸಾಕಿದ್ದು, ಮಾಡಿದ್ದು ಏನಾದರೂ ತಂದು ದೇವರ ಮುಂದೆ ಇಡುತ್ತಾರೆ. ಜೋಳ, ತೆಂಗಿನಕಾಯಿ, ಕೋಳಿ, ಕೇಕು, ಉಪ್ಪಿನಕಾಯಿ ಬಾಟಲಿ ಎಲ್ಲವೂ ಇರುತ್ತವೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಲಿಲಾವು. ಅಲ್ಲಿ ಕೂಗುವ ಬೆಲೆಗೂ ವಸ್ತುವಿಗೂ ಸಂಬಂಧವಿಲ್ಲ, ಅದು ಕಾಣಿಕೆ. ಅವ್ವನ ಕಾಣಿಕೆಗೆ ಕಾರಣ ನಾನು. ಪ್ರಬಂಧ ಸಲ್ಲಿಸಿ ಆರು ತಿಂಗಳಾಗಿತ್ತು, ಇನ್ನೇನು ವೈವಾ ಆಗುತ್ತದೆ, ಮಗಳು ಡಾಕ್ಟರ್ ಆಗುತ್ತಾಳೆ ಎಂದು ಮುಂಚಿತವಾಗಿಯೇ ಕೃತಜ್ಞತೆ ಸಲ್ಲಿಸಿಬಿಟ್ಟಿದ್ದಳು. ಅದನ್ನು ಮೈಕಿನಲ್ಲೂ ಹೇಳಿಸಿದಳು.

ಮೂರು ವಾರಕ್ಕೆ ಪರೀಕ್ಷಕರ ವರದಿ ಬಂತು. ಆರು ಪುಟ. ಪ್ರಬಂಧವನ್ನು ತಿದ್ದಿ ಮತ್ತೆ ಸಲ್ಲಿಸಬೇಕು, ಒಂದು ವರ್ಷದ ಅವಕಾಶ.

ನನ್ನ ವಿಷಯ ಕಿಟೆಲ್ ನಿಘಂಟಿನಲ್ಲಿರುವ ಗಾದೆಗಳು. ವರದಿಯ ತಾತ್ಪರ್ಯ ಇಷ್ಟೇ: ಈ ಸಂಶೋಧಕಿ ಗಾದೆಗಳನ್ನು ನಿಘಂಟಿನ ಪುಟದಿಂದ ಎತ್ತಿ ತನ್ನ ಪುಟದಲ್ಲಿ ಇಟ್ಟಿದ್ದಾಳೆ, ಯಾರು, ಯಾವಾಗ, ಯಾರಿಗೆ ಈ ಮಾತನ್ನು ಹೇಳುತ್ತಾರೆ ಎಂಬುದು ಎಲ್ಲೂ ಇಲ್ಲ. ಸಿಟ್ಟು ಬಂದದ್ದು ವರದಿ ತಪ್ಪಾಗಿದ್ದಕ್ಕಲ್ಲ. ಅದು ಸರಿಯಾಗಿತ್ತು. ನನಗೂ ಒಳಗೊಳಗೇ ಗೊತ್ತಿತ್ತು.

ಇದಕ್ಕೂ ಮುಂಚಿನ ಪೆಟ್ಟುಗಳನ್ನು ಎಣಿಸುವುದು ಬೇಡ. ನೆಟ್ ಪರೀಕ್ಷೆ ಮೂರು ಸಲ ಹೋಯಿತು, ಮಾರ್ಗದರ್ಶಕರು ನಡುವೆಯೇ ನಿವೃತ್ತರಾದರು, ಅತಿಥಿ ಉಪನ್ಯಾಸಕಿಯ ಸಂಬಳ ಬರುವ ತಿಂಗಳು ಯಾವುದೆಂದು ಯಾರೂ ಹೇಳಲಾರರು. ಸಂಶೋಧನೆ ಮಾಡುವವರೆಲ್ಲರ ಮನೆಯಲ್ಲೂ ಇಂಥದ್ದೊಂದು ಪಟ್ಟಿ ಇರುತ್ತದೆ.

ಆ ವಾರವೇ ನಮ್ಮ ಮನೆಯಲ್ಲಿ ಪ್ರಾರ್ಥನಾ ಕೂಟ. ಮೊದಲೇ ಗೊತ್ತಾಗಿದ್ದ ಸರದಿ, ತಪ್ಪಿಸುವಂತಿರಲಿಲ್ಲ. ಬಂದವರೆಲ್ಲ ಒಳ್ಳೆಯವರು, ಎಲ್ಲರೂ ಸಮಾಧಾನ ಹೇಳಿದರು. ದೇವರು ಒಂದು ಬಾಗಿಲು ಮುಚ್ಚಿದರೆ ಇನ್ನೊಂದು ತೆಗೆಯುತ್ತಾನೆ ಎಂದರು ಒಬ್ಬರು. ನಿನ್ನ ನಂಬಿಕೆಯ ಪರೀಕ್ಷೆ ಇದು ಎಂದರು ಇನ್ನೊಬ್ಬರು. (ನನಗೆ ಆಗಲೇ ಸಾಕಷ್ಟು ಪರೀಕ್ಷೆಗಳಾಗಿದ್ದವು.) ಹಿರಿಯರೊಬ್ಬರು ಯೋಬನ ತಾಳ್ಮೆಯ ಬಗ್ಗೆ ಇಪ್ಪತ್ತು ನಿಮಿಷ ಮಾತಾಡಿದರು. ನಾನು ಅಡುಗೆಮನೆಯಲ್ಲಿ ಚಹಾ ಸೋಸುತ್ತ ನಿಂತಿದ್ದೆ. ಕೈ ನಡುಗಿ ಒಂದು ಲೋಟ ಚೆಲ್ಲಿತು.

ಎಲ್ಲರೂ ಹೋದ ಮೇಲೆ ಯೋಬನ ಪುಸ್ತಕ ತೆಗೆದೆ. ಭಕ್ತಿಯಿಂದಲ್ಲ, ಜಗಳ ತೆಗೆಯುವ ಉದ್ದೇಶದಿಂದ. 42 ಅಧ್ಯಾಯಗಳ ಪುಸ್ತಕ. ತಾಳ್ಮೆಯ ಯೋಬ ಸಿಗುವುದು ಮೊದಲ ಎರಡು ಅಧ್ಯಾಯಗಳಲ್ಲಿ. ಮೂರನೆಯದಕ್ಕೆ ಬರುವಷ್ಟರಲ್ಲಿ ಅವನು ತಾನು ಹುಟ್ಟಿದ ದಿನವನ್ನೇ ಶಪಿಸುತ್ತಾನೆ. ಅಲ್ಲಿಂದ ಮುಂದೆ ವಾದ, ದೂರು, ಕೋಪ. ನೇರವಾಗಿ ದೇವರ ಜೊತೆಗೇ ವ್ಯಾಜ್ಯ. ಕೊನೆಗೆ ದೇವರು ಗದರಿಸುವುದು ಯೋಬನನ್ನು ಮಾತ್ರವಲ್ಲ. ದೇವರ ಪರವಾಗಿ ವಕೀಲಿಕೆ ಮಾಡಿದ ಸ್ನೇಹಿತರ ಮೇಲೆ ಕೋಪಿಸಿಕೊಂಡು, ಯೋಬನೇ ಸರಿಯಾಗಿ ಮಾತಾಡಿದ್ದು ಎನ್ನುತ್ತಾನೆ. ಚಿಕ್ಕಂದಿನಿಂದ ಭಾನುವಾರದ ಶಾಲೆಯಲ್ಲಿ ಕೇಳಿದ ಕಥೆ, ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಓದಿದೆ ಅನ್ನಿಸಿತು.

ಮರುದಿನ ಹಿತ್ತಲಲ್ಲಿ ಕೂತಿದ್ದೆ. ಅಪ್ಪ ಒಂದು ಚೀಲ ಶೇಂಗಾ ತಂದು ಪಕ್ಕದಲ್ಲಿ ಕೂತು ಸುಲಿಯತೊಡಗಿದ. ಅಪ್ಪ ನಿವೃತ್ತ ಪ್ರಾಥಮಿಕ ಶಾಲಾ ಮಾಸ್ತರ, ಮಾತಿಗೆ ಬಡವನಲ್ಲ. ಆದರೂ ಏನೂ ಹೇಳಲಿಲ್ಲ. ನಾನೂ ಒಂದೊಂದೇ ಸುಲಿದೆ. ಸಂಜೆಯವರೆಗೂ ಹಾಗೇ. ಅದರ ಮರುದಿನವೂ ಹಾಗೇ. ಯೋಬನ ಸ್ನೇಹಿತರೂ ಮೊದಲು ಏಳು ದಿನ, ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರಂತೆ. ಅವರು ಕೆಟ್ಟದ್ದು ಬಾಯಿ ತೆಗೆದ ಮೇಲೆ.

ಮೂರನೆಯ ದಿನ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ: ‘ನಿಮ್ಮ ಕಿಟೆಲ್ ಸಾಹೇಬ್ರಿಗೆ ಡಾಕ್ಟರ್ ಪದವಿ ಯಾವಾಗ ಸಿಕ್ತವಾ?’

1896ರಲ್ಲಿ ಎಂದೆ. ಟ್ಯೂಬಿಂಗನ್ ವಿಶ್ವವಿದ್ಯಾಲಯದ ಗೌರವ ಡಾಕ್ಟರೇಟು. ಅವರು ಹುಟ್ಟಿದ್ದು 1832ರಲ್ಲಿ.

ಅಪ್ಪ ಮನಸ್ಸಿನಲ್ಲೇ ಲೆಕ್ಕ ಹಾಕಿದ. ‘ಅರವತ್ನಾಕು. ನಿನಗಿನ್ನೂ ಟೈಮ್ ಐತಿ ಬಿಡು.’

ನಕ್ಕೆ. ವರದಿ ಬಂದ ಮೇಲೆ ಮೊದಲ ಸಲ. ಆಮೇಲೆ ಕಿಟೆಲ್ ಬಗ್ಗೆ, ಅವರ ಮೇಲೆ ಐದು ವರ್ಷ ಕೆಲಸ ಮಾಡಿದ ನಾನು, ಯೋಚಿಸಿಯೇ ಇರಲಿಲ್ಲವಲ್ಲ ಅನ್ನಿಸಿತು. 1853ರಲ್ಲಿ ಬಾಸೆಲ್ ಮಿಶನ್ನಿನಿಂದ ಸುವಾರ್ತೆ ಸಾರಲು ಬಂದ ಹುಡುಗ. ಇಲ್ಲಿಯೇ ಮೊದಲ ಹೆಂಡತಿಯನ್ನು ಕಳೆದುಕೊಂಡರು. 1862ರಲ್ಲಿ ಯೇಸುವಿನ ಚರಿತ್ರೆಯನ್ನು ನಮ್ಮ ಛಂದಸ್ಸಿನಲ್ಲೇ ‘ಕಥಾಮಾಲೆ’ ಎಂದು ಬರೆದರು. ಆರೋಗ್ಯ ಕೆಟ್ಟು ಜರ್ಮನಿಗೆ ಹೋದವರು ನಿಘಂಟಿಗಾಗಿ ಮತ್ತೆ ಬಂದರು. ಅದು ಮಂಗಳೂರಿನಲ್ಲಿ ಅಚ್ಚಾದದ್ದು 1894ರಲ್ಲಿ, ಸುಮಾರು 70 ಸಾವಿರ ಪದ. ಬಂದ ಕೆಲಸ ಒಂದು, ಉಳಿದ ಕೆಲಸ ಇನ್ನೊಂದು. ಇದನ್ನು ದೇವರ ಯೋಜನೆ ಎಂದು ಹೇಳುವವರಿದ್ದಾರೆ. ಇರಬಹುದು. ನನಗೆ ಕಾಣುವುದು, ಬೆಳಿಗ್ಗೆ ಎದ್ದು ಮತ್ತೊಂದು ಪದ ಬರೆದುಕೊಂಡ ಒಬ್ಬ ಮನುಷ್ಯ.

ಜನವರಿಯಿಂದ ನಾನು ಬೆಟಗೇರಿಯ ನೇಕಾರರ ಓಣಿಗೆ ಹೋಗತೊಡಗಿದೆ, ಫೋನಿನಲ್ಲಿ ರೆಕಾರ್ಡಿಂಗ್ ಹಚ್ಚಿಕೊಂಡು. ಮೊದಮೊದಲು ಗಾದೆ ಹೇಳಿ ಎಂದರೆ ಯಾರೂ ಹೇಳುತ್ತಿರಲಿಲ್ಲ. ಗಾದೆ ಕೇಳಿದರೆ ಬರುವುದಿಲ್ಲ, ಸಿಟ್ಟು ಬಂದಾಗ ಬರುತ್ತದೆ. ಮಗ್ಗದ ಸದ್ದಿನ ನಡುವೆ ಸುಮ್ಮನೆ ಕೂರುವುದನ್ನು ಕಲಿತೆ. ಸೊಸೆ ಅನ್ನ ಸೀಸಿದಾಗ, ನೂಲಿನ ದರ ಏರಿದಾಗ, ಸಾಲ ಕೊಟ್ಟವನು ಬಾಗಿಲಲ್ಲಿ ನಿಂತಾಗ ತಾವೇ ಉದುರತೊಡಗಿದವು.

ಒಬ್ಬ ಅಜ್ಜಿ ಇದ್ದಾಳೆ, ಎಂಬತ್ತು ದಾಟಿದವಳು, ಕಂಡಿಕೆ ಸುತ್ತುತ್ತಾಳೆ. ಒಂದು ದಿನ ತಡೆಯಲಾರದೆ ಕೇಳಿಯೇ ಬಿಟ್ಟೆ: ಅಜ್ಜಿ, ‘ತಾಳಿದವನು ಬಾಳಿಯಾನು’ ಅಂತಾರಲ್ಲ, ನೀವು ಅದನ್ನ ಯಾವಾಗ ಹೇಳ್ತೀರಿ?

ಆಕೆ ರಾಟೆ ನಿಲ್ಲಿಸಲಿಲ್ಲ. ‘ನಾ ಯಾಕ ಹೇಳ್ಲಿ? ಅದನ್ನ ತಾಳಸೋರು ಹೇಳ್ತಾರ. ತಾಳೋರಿಗೆ ಅಷ್ಟು ಪುರಸೊತ್ತು ಎಲ್ಲೈತಿ?’

ನಾಲ್ಕನೆಯ ಅಧ್ಯಾಯ ಈಗ ಆ ಮಾತಿನಿಂದ ಶುರುವಾಗುತ್ತದೆ. ‘ತಾಳು’ ಎಂಬ ಪದದ ಕಾರ್ಡನ್ನೂ ಹೊಸದಾಗಿ ಬರೆದೆ. ತಡೆದುಕೋ ಅನ್ನುವುದಕ್ಕೂ ಅದೇ, ಸ್ವಲ್ಪ ನಿಲ್ಲು ಅನ್ನುವುದಕ್ಕೂ ಅದೇ, ರೂಪ ತಾಳುವುದಕ್ಕೂ ಅದೇ. ಕೂಟದಲ್ಲಿ ಹಿರಿಯರು ಹೇಳಿದ ತಾಳ್ಮೆಗೆ ಮೊದಲ ಅರ್ಥ ಮಾತ್ರ ಇತ್ತು.

ಪ್ರಾರ್ಥಿಸುತ್ತೇನೆಯೇ? ಹೂಂ. ಆದರೆ ನಿವೇದನೆಯ ಧಾಟಿ ಬದಲಾಗಿದೆ. ಮೊದಲು ಅರ್ಜಿ ಬರೆದ ಹಾಗೆ ಇರುತ್ತಿತ್ತು, ವಿಷಯ, ಮಾನ್ಯರೇ, ತಮ್ಮ ವಿಶ್ವಾಸಿ. ಈಗ ಕೆಲವು ರಾತ್ರಿ ದೂರೇ ಹೇಳುತ್ತೇನೆ, ಕೆಲವು ರಾತ್ರಿ ಏನೂ ಹೇಳದೆ ಕೂರುತ್ತೇನೆ. ಆಚೆಯಿಂದಲೂ ಮಾತಿಲ್ಲ. ಅಪ್ಪ ಶೇಂಗಾ ಸುಲಿದ ಹಾಗೆ ಇರಬಹುದು ಅಂದುಕೊಳ್ಳುತ್ತೇನೆ. ಎಲ್ಲ ದಿನ ಹಾಗನ್ನಿಸುವುದಿಲ್ಲ.

ಮುಂದಿನ ತಿಂಗಳು ಮರುಸಲ್ಲಿಕೆ. ಸುಗ್ಗಿ ಹಬ್ಬವೂ ಅದೇ ತಿಂಗಳು. ನಿನ್ನೆ ರಾತ್ರಿ ಅಡಿಟಿಪ್ಪಣಿ ತಿದ್ದುತ್ತ ಕೂತವಳು ಅವ್ವನನ್ನು ಕೇಳಿದೆ, ‘ಈ ಸಲ ಲಿಲಾವಿನ್ಯಾಗ ಏನ್ ಹಿಡೀತಿಬೇ?’

‘ಕೋಳಿ,’ ಅಂದಳು, ದೀಪ ಆರಿಸುತ್ತ. ‘ಆ ಕುಂಬಳಕಾಯಿ ಕಾಲ್ಗುಣಾ ಚಲೋ ಇರ್ಲಿಲ್ಲ.’